ಕಾಲ ದಾಟಿ ಯುದ್ಧಕ್ಕೆ ಹೋದ ಹುಡುಗರು ಏನು ಕಲಿತು ಬಂದರು?

ನಾಲ್ಕು ಜನ ಹುಡುಗರು. ಊರು ಸೇಂಟ್ ಪೀಟರ್ಸ್‌ಬರ್ಗ್. ಎರಡನೇ ಮಹಾಯುದ್ಧ ನಡೆದ ಕಾಡುಗಳಲ್ಲಿ ಗುಟ್ಟಾಗಿ ಅಗೆಯುವುದು ಅವರ ದಂಧೆ. ಸತ್ತ ಸೈನಿಕರ ಪದಕ, ಪಿಸ್ತೂಲು ಸಿಕ್ಕರೆ ಮಾರುತ್ತಾರೆ. ಅವರಲ್ಲೊಬ್ಬನ ಭುಜದ ಮೇಲೆ ಹಿಟ್ಲರನ ಸ್ವಸ್ತಿಕದ ಹಚ್ಚೆ. ಒಂದು ದಿನ ಮಣ್ಣಲ್ಲಿ ಹೂತುಹೋದ ಬಂಕರ್ ಒಂದರಲ್ಲಿ ಸೈನಿಕರ ಗುರುತಿನ ಪುಸ್ತಕಗಳು ಸಿಗುತ್ತವೆ. ತೆರೆದು ನೋಡಿದರೆ ಒಳಗೆ ತಮ್ಮದೇ ಫೋಟೋ, ತಮ್ಮದೇ ಹೆಸರು. ಕುಡಿದದ್ದು ಜಾಸ್ತಿಯಾಯಿತು ಅಂದುಕೊಂಡು, ತಲೆ ತಣ್ಣಗಾಗಲಿ ಎಂದು ಪಕ್ಕದ ಕೆರೆಗೆ ಹಾರುತ್ತಾರೆ. ಮುಳುಗಿ ಎದ್ದಾಗ 1942ರ ಆಗಸ್ಟ್. ಮೈಮೇಲೆ ಬಟ್ಟೆಯಿಲ್ಲ, ಸುತ್ತ ಗುಂಡಿನ ಸದ್ದು.

ಇದು 2008ರಲ್ಲಿ ಬಂದ ರಷ್ಯನ್ ಸಿನಿಮಾ. ಹೆಸರಿನ ಅರ್ಥ 'ನಾವು ಭವಿಷ್ಯದವರು'. ನಿರ್ದೇಶಕ ಆಂದ್ರೇ ಮಾಲ್ಯುಕೊವ್. ಯುದ್ಧದ ನಡುವೆ ಸಿಕ್ಕಿಬಿದ್ದ ಹುಡುಗರು ಮೊದಲು ಓಡಿಹೋಗಲು ನೋಡುತ್ತಾರೆ. ಆಮೇಲೆ ಒಬ್ಬ ನರ್ಸ್‌ಳನ್ನು ಪ್ರೀತಿಸುತ್ತಾರೆ, ಜೊತೆಗಿದ್ದವರು ಸಾಯುವುದನ್ನು ನೋಡುತ್ತಾರೆ, ಕೊನೆಗೆ ತಾವೂ ಬಂದೂಕು ಹಿಡಿಯುತ್ತಾರೆ. ವಾಪಸ್ ಬಂದ ಮೇಲೆ ಹಚ್ಚೆಯ ಹುಡುಗ ಕಲ್ಲು ತೆಗೆದುಕೊಂಡು ತನ್ನ ಭುಜವನ್ನು ಉಜ್ಜತೊಡಗುತ್ತಾನೆ. ಚರ್ಮ ಕಿತ್ತು ರಕ್ತ ಬಂದರೂ ಬಿಡುವುದಿಲ್ಲ.

ಈಗ ಜಪಾನಿಗೆ ಬನ್ನಿ. 2023ರ ಡಿಸೆಂಬರ್‌ನಲ್ಲಿ ಅಲ್ಲೊಂದು ಸಿನಿಮಾ ಬಂತು. ಆ ಉದ್ದನೆಯ ಹೆಸರನ್ನು 'ಆ ಹೂವು ಅರಳುವ ಗುಡ್ಡದಲ್ಲಿ ನಿನ್ನನ್ನು ಮತ್ತೆ ಕಾಣುವಂತಾದರೆ' ಎಂದು ಹೇಳಬಹುದು. ಹೈಸ್ಕೂಲ್ ಹುಡುಗಿ ಯೂರಿಗೆ ಅಮ್ಮನ ಮೇಲೆ ಸಿಟ್ಟು, ಬಡತನದ ಮೇಲೆ ಸಿಟ್ಟು. ಯಾರದ್ದೋ ಮಗುವನ್ನು ಉಳಿಸಲು ಹೋಗಿ ಸತ್ತ ಅಪ್ಪನ ಮೇಲೂ ಸಿಟ್ಟು. ಜಗಳ ಆಡಿ ಮನೆಬಿಟ್ಟು ಯುದ್ಧಕಾಲದ ಹಳೆಯ ಗುಹೆಯೊಂದರಲ್ಲಿ ಮಲಗುತ್ತಾಳೆ. ಎದ್ದಾಗ 1945ರ ಜೂನ್. ಅವಳನ್ನು ಕಾಪಾಡುವ ಹುಡುಗ ಅಕಿರಾ. ಆತ್ಮಾಹುತಿ ದಾಳಿಗೆ ಹೊರಡಲು ಆದೇಶ ಕಾಯುತ್ತಿರುವ ಪೈಲಟ್. ಮುಂದಿನದ್ದನ್ನು ನೀವೇ ಊಹಿಸಬಹುದು. ಹದಿಹರೆಯದವರು ಗುಂಪುಗುಂಪಾಗಿ ಹೋಗಿ ನೋಡಿದರು, ಅತ್ತರು, ಅತ್ತ ವಿಡಿಯೋ ಹಾಕಿದರು. ಸಿನಿಮಾ ಭಾರೀ ಹಣ ಮಾಡಿತು.

ಎರಡೂ ದೇಶಗಳ ಯುದ್ಧ ಬೇರೆ, ಸೋಲು ಗೆಲುವು ಬೇರೆ. ಆದರೆ ಕಥೆಯ ಚೌಕಟ್ಟು ಒಂದೇ. ಇಂದಿನ ಯುವಕನೋ ಯುವತಿಯೋ ಇರಬೇಕು. ಅವರು ಏನನ್ನೂ ಲೆಕ್ಕಕ್ಕಿಟ್ಟುಕೊಳ್ಳದವರಾಗಿರಬೇಕು. ಒಂದು ಕೆರೆಯೋ ಗುಹೆಯೋ ಅವರನ್ನು ನುಂಗಬೇಕು. ಅಲ್ಲಿ ತಮ್ಮದೇ ವಯಸ್ಸಿನವರು ಸಾಯುವುದನ್ನು ಕಾಣಬೇಕು. ಒಂದು ವಸ್ತು, ಅಂದರೆ ಸಿಗರೇಟ್ ಡಬ್ಬಿಯೋ ಕಾಗದವೋ, ಕಾಲ ದಾಟಿ ಕೈಗೆ ಸಿಗಬೇಕು. ವಾಪಸ್ ಬಂದ ಮೇಲೆ ಕಣ್ಣೀರು, ಹೊಸ ಮನುಷ್ಯ. ರಷ್ಯನ್ ಓದುಗರಲ್ಲಿ ಇಂಥ ಕಥಾನಾಯಕರಿಗೆ 'ಪೊಪದಾಂತ್ಸಿ' ಎಂಬ ಹೆಸರೇ ಇದೆ. ಎಲ್ಲೋ ಹೋಗಿ ಬಿದ್ದವರು ಎಂದು ಅರ್ಥ. ಒಂದು ಇಡೀ ಪ್ರಕಾರಕ್ಕೆ ಹೆಸರು ಕೊಡುವಷ್ಟು ಇಂಥ ಪುಸ್ತಕಗಳು ಅಲ್ಲಿ ಬಂದಿವೆ.

ಇದು ಈಗಲೇ ಯಾಕೆ ಇಷ್ಟು ಚಾಲ್ತಿಗೆ ಬಂತು ಅನ್ನುವುದಕ್ಕೆ ಸರಳ ಕಾರಣ ಇದೆ. ಹೇಳುವವರು ಮುಗಿಯುತ್ತಿದ್ದಾರೆ. ಮೊದಲನೇ ಮಹಾಯುದ್ಧದಲ್ಲಿ ಕೆಲಸ ಮಾಡಿದವರಲ್ಲಿ ಕೊನೆಯವರೆಂದು ಗುರುತಿಸಲಾದ ಬ್ರಿಟನ್ನಿನ ಫ್ಲಾರೆನ್ಸ್ ಗ್ರೀನ್ 2012ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡನೆಯದರಲ್ಲಿ ಅಮೆರಿಕದ ಪರವಾಗಿ ಸೇವೆ ಮಾಡಿದವರು 1.6 ಕೋಟಿಗೂ ಹೆಚ್ಚು. 2024ರ ಹೊತ್ತಿಗೆ ಅವರಲ್ಲಿ ಉಳಿದಿದ್ದವರು ಸುಮಾರು 66,000. ಹಿರೋಶಿಮಾ, ನಾಗಾಸಾಕಿಯ ಬಾಂಬಿಗೆ ಸಿಕ್ಕಿ ಬದುಕಿದವರ ಸಂಖ್ಯೆ 2025ರಲ್ಲಿ ಮೊದಲ ಸಲ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ದಾಟಿದೆ.

ಅಜ್ಜ ಜಗಲಿಯಲ್ಲಿ ಕೂತಿರುವವರೆಗೆ ಕಾಲಯಂತ್ರ ಬೇಕಿರಲಿಲ್ಲ. ಕೇಳಿದರೆ ಹೇಳುತ್ತಿದ್ದ. ಎಷ್ಟೋ ಸಲ ಕೇಳಿದರೂ ಹೇಳುತ್ತಿರಲಿಲ್ಲ, ಆ ಮೌನವೂ ಒಂದು ಪಾಠವೇ ಆಗಿತ್ತು. ಅಜ್ಜನ ಜಾಗ ಖಾಲಿಯಾದ ಮೇಲೆ ಮೊಮ್ಮಗನನ್ನೇ ಅಲ್ಲಿಗೆ ಕಳಿಸೋಣ ಅನ್ನುವ ಆಲೋಚನೆ ಬಂದಿದೆ.

ಈ ತಂತ್ರ ಕೆಲಸ ಮಾಡುತ್ತದಾ? ಮಾಡುತ್ತದೆ. ಅದರಲ್ಲಿ ಅನುಮಾನ ಬೇಡ. ಮಾಮೂಲಿ ಯುದ್ಧದ ಸಿನಿಮಾದಲ್ಲಿ ಸೈನಿಕ ಸೈನಿಕನಂತೆಯೇ ಇರುತ್ತಾನೆ. ಅವನ ಮಾತು, ನಡಿಗೆ, ಹೇರ್‌ಕಟ್, ಭಯ ಎಲ್ಲವೂ ಆ ಕಾಲದ್ದು. ನೋಡುವ ಹುಡುಗನಿಗೆ ಅವನು ಸ್ವಲ್ಪ ದೂರದವನು, ಪ್ರತಿಮೆಯ ಹಾಗೆ. ಕಾಲ ದಾಟಿ ಹೋದವನು ಹಾಗಲ್ಲ. ಅವನ ಕೈ ಇನ್ನೂ ಜೇಬಿನಲ್ಲಿ ಫೋನು ಹುಡುಕುತ್ತಿರುತ್ತದೆ. ಅವನಿಗೆ ಹಸಿವು ತಡೆಯಲು ಗೊತ್ತಿಲ್ಲ, ಕಂದಕ ಅಗೆಯಲು ಗೊತ್ತಿಲ್ಲ, ಹೆಣ ಹೊರಲು ಗೊತ್ತಿಲ್ಲ. ನಮಗೂ ಗೊತ್ತಿಲ್ಲ, ಅಲ್ವಾ? ಹಾಗಾಗಿ ಅವನ ತಬ್ಬಿಬ್ಬು ನಮ್ಮದಾಗುತ್ತದೆ.

ಮನಶ್ಶಾಸ್ತ್ರಜ್ಞರಾದ ಮೆಲಾನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಥೆಯಲ್ಲಿ ಹೆಚ್ಚು ಮುಳುಗಿದವರ ನಂಬಿಕೆಗಳು ಆ ಕಥೆಯ ಕಡೆಗೇ ಹೆಚ್ಚು ವಾಲುತ್ತವೆ, ಕಥೆಯಲ್ಲಿನ ಹುಳುಕುಗಳು ಅವರ ಕಣ್ಣಿಗೆ ಕಡಿಮೆ ಬೀಳುತ್ತವೆ ಎಂದು ಅವರು ಕಂಡುಕೊಂಡರು. ಇಲ್ಲಿ ಎರಡನೇ ಭಾಗವೇ ನನಗೆ ಮುಖ್ಯ. ಅಳುವಾಗ ಕಣ್ಣು ಮಂಜಾಗುತ್ತದೆ ಎಂದು ಹೇಳಲು ಅಧ್ಯಯನ ಬೇಕಿರಲಿಲ್ಲ, ಆದರೂ ಇರಲಿ.

ಮೊದಲ ಹುಳುಕು ಸಿನಿಮಾ ಶುರುವಾಗುವ ಜಾಗದಲ್ಲೇ ಇದೆ. ಈ ಕಥೆಗಳಿಗೆ ಕೃತಘ್ನ ಯುವಕ ಬೇಕೇ ಬೇಕು. ಅವನು ಗೋರಿ ದೋಚುವವನಾಗಿರಬೇಕು, ಇಲ್ಲವೇ ಅಮ್ಮನ ಮೇಲೆ ಕೂಗಾಡುವವಳಾಗಿರಬೇಕು. ಒಳ್ಳೆಯ ಹುಡುಗನನ್ನು ಕೆರೆಗೆ ಹಾಕಿದರೆ ಪಾಠ ಕಲಿಸಲು ಏನೂ ಉಳಿಯುವುದಿಲ್ಲವಲ್ಲ. ಹೀಗಾಗಿ ಇಡೀ ಪ್ರಕಾರ ಒಂದು ದೂರಿನ ಮೇಲೆ ನಿಂತಿದೆ: 'ಈಗಿನ ಹುಡುಗರಿಗೆ ಹಿರಿಯರು ಪಟ್ಟ ಪಾಡು ಗೊತ್ತಿಲ್ಲ.' ಕಾಲಪ್ರಯಾಣ ಇಲ್ಲಿ ವಿಜ್ಞಾನವೂ ಅಲ್ಲ, ಸಾಹಸವೂ ಅಲ್ಲ. ಅದು ಶಿಕ್ಷೆ. ಮನೆಯಲ್ಲಿ ಹಟ ಮಾಡಿದ ಮಗುವನ್ನು ಕತ್ತಲೆ ಕೋಣೆಗೆ ಹಾಕಿದ ಹಾಗೆ.

ಈ ದೂರನ್ನು ಹೇಳುತ್ತಿರುವವರು ಯಾರು ಎಂದೂ ಕೇಳಬೇಕು. ಸಿನಿಮಾ ಮಾಡುವವರು ಸಾಮಾನ್ಯವಾಗಿ ನಲವತ್ತು, ಐವತ್ತು, ಅರವತ್ತರ ವಯಸ್ಸಿನವರು. ಅವರೂ ಯುದ್ಧ ಕಂಡವರಲ್ಲ. ಸತ್ತವರ ಋಣ ಇದ್ದರೆ ಅದು ಅವರ ತಲೆಯ ಮೇಲೂ ಇದೆ. ಆದರೆ ಕೆರೆಗೆ ಹಾರಬೇಕಾದವರು ಮಾತ್ರ ಇಪ್ಪತ್ತರ ಹುಡುಗರು. ಸೈನಿಕರ ಮೂಳೆ ಸಿಗುವ ಜಾಗದಲ್ಲಿ ಮರಳು ಅಗೆಯಲು ಹೊರಟ ಉದ್ಯಮಿಯೊಬ್ಬನನ್ನು ಹಿಂದಕ್ಕೆ ಕಳಿಸುವ ರಷ್ಯನ್ ಸಿನಿಮಾವೊಂದು 2018ರಲ್ಲಿ ಬಂತು. ನೆವಾ ನದಿಯ ದಂಡೆಯ ನೆವ್ಸ್ಕಿ ಪ್ಯಾತಚೋಕ್ ಎಂಬ ರಣಭೂಮಿಯ ಕಥೆ ಅದು. ದುಡ್ಡಿರುವ ದೊಡ್ಡವನನ್ನು ಕಳಿಸಿದ್ದು ನನಗೆ ಹೆಚ್ಚು ನ್ಯಾಯ ಅನ್ನಿಸಿತು.

ಜಪಾನಿನಲ್ಲಿ 2006ರಲ್ಲಿ ಟಿವಿಗೆ ಬಂದ ಕಥೆಯೊಂದು ಈ ದೂರನ್ನು ಇನ್ನೊಂದು ರೀತಿ ತಿರುಗಿಸಿತು. ಹಿರೋಶಿ ಒಗಿವಾರಾ ಅವರ ಕಾದಂಬರಿ ಅದರ ಮೂಲ. ಅಲೆಗಳ ಮೇಲೆ ಜಾರುತ್ತ ಕಾಲ ಕಳೆಯುವ ಇಂದಿನ ಹುಡುಗನೂ 1944ರ ಪೈಲಟ್ ತರಬೇತಿಯ ಹುಡುಗನೂ ಅದಲುಬದಲಾಗುತ್ತಾರೆ. ಇಬ್ಬರ ಮುಖವೂ ಒಂದೇ. ಇವನು ಅಲ್ಲಿ ಒದೆ ತಿನ್ನುತ್ತಾನೆ. ಅವನು ಇಲ್ಲಿ ಬಂದು ಬೀದಿ, ಬೆಳಕು, ಜನರನ್ನು ನೋಡಿ ಕಂಗಾಲಾಗುತ್ತಾನೆ. ನಾವು ಪ್ರಾಣ ಕೊಡಲು ಹೊರಟದ್ದು ಇದಕ್ಕಾಗಿಯಾ ಎಂದು ಅವನಿಗೆ ಅನ್ನಿಸುತ್ತದೆ. ಆಮೇಲೆ ನಿಧಾನಕ್ಕೆ ಇಲ್ಲಿನ ಬದುಕೇ ಹಿಡಿಸತೊಡಗುತ್ತದೆ. ಸೈನಿಕ ಹುಡುಗನೂ ಅವಕಾಶ ಸಿಕ್ಕಿದ್ದರೆ ಸಾಯುವುದಕ್ಕಿಂತ ಬದುಕುವುದನ್ನೇ ಆರಿಸಿಕೊಳ್ಳುತ್ತಿದ್ದ, ಅವನೂ ನಮ್ಮ ಹಾಗೆಯೇ ಸೋಮಾರಿಯಾಗುತ್ತಿದ್ದ. ಈ ಮಾತನ್ನು ಹೇಳಲು ಹೆಚ್ಚಿನ ಸಿನಿಮಾಗಳಿಗೆ ಧೈರ್ಯ ಸಾಲದು.

ಇಲ್ಲಿ ನಮ್ಮ ಭಾಷೆ ಒಂದು ಉಪಕಾರ ಮಾಡುತ್ತದೆ. ಕನ್ನಡದಲ್ಲಿ 'ತ್ಯಾಗ' ಬೇರೆ, 'ಬಲಿ' ಬೇರೆ. ತನ್ನದನ್ನು ತಾನೇ ಬಿಟ್ಟುಕೊಟ್ಟರೆ ತ್ಯಾಗ. ಇನ್ನೊಬ್ಬರು ಎಳೆದುಕೊಂಡು ಹೋಗಿ ಕೊಟ್ಟರೆ ಬಲಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಜಪಾನಿಯ 'ಗಿಸೇ' ಎಂಬ ಪದವೂ ಎರಡನ್ನೂ ಹೊತ್ತುಕೊಳ್ಳುತ್ತದೆ. ಯುದ್ಧದಲ್ಲಿ ಸತ್ತವರ ಬಗ್ಗೆ ಮಾತಾಡುವಾಗ ನಾವು ಕೂಡ ಅಭ್ಯಾಸಬಲದಿಂದ ತ್ಯಾಗ ಎಂದೇ ಬರೆಯುತ್ತೇವೆ. ಆದರೆ ಈ ಸಿನಿಮಾಗಳ ಮುಂದೆ ಕೂತಾಗ ಎರಡೂ ಪದಗಳನ್ನು ಕೈಯಲ್ಲಿ ಹಿಡಿದುಕೊಂಡಿರುವುದು ಒಳ್ಳೆಯದು. ತೆರೆಯ ಮೇಲೆ ನಡೆಯುತ್ತಿರುವುದು ಯಾವುದು?

ಲೆನಿನ್‌ಗ್ರಾಡ್, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್ ಸುತ್ತ ನಡೆದದ್ದನ್ನು ನೋಡಿ. ನಗರಕ್ಕೆ ಜರ್ಮನ್ ಸೈನ್ಯ ಹಾಕಿದ ಮುತ್ತಿಗೆ 872 ದಿನ ನಡೆಯಿತು. ಒಳಗೆ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಆ ಮುತ್ತಿಗೆ ಮುರಿಯಲು ಹೋದ ಸೈನಿಕ ಸತ್ತದ್ದಕ್ಕೂ, ಒಳಗಿದ್ದ ಮಗು ಬದುಕಿದ್ದಕ್ಕೂ ನೇರ ಸಂಬಂಧ ಇದೆ. ಅವನನ್ನೂ ಒತ್ತಾಯದಿಂದಲೇ ಕಳಿಸಿರಬಹುದು, ಸೇನಾಪತಿಗಳ ಮೂರ್ಖತನದಿಂದಲೇ ಅವನು ಸತ್ತಿರಬಹುದು. ಆದರೂ ಅವನಿಂದ ಏನೋ ಉಳಿಯಿತು ಎಂದು ತೋರಿಸಬಹುದು.

ಅಕಿರಾನಂಥವರ ವಿಷಯ ಹಾಗಿಲ್ಲ. ಜಪಾನಿನ ಆತ್ಮಾಹುತಿ ವಿಮಾನ ದಾಳಿಗಳಲ್ಲಿ ಸುಮಾರು 4,000 ಪೈಲಟ್‌ಗಳು ಸತ್ತರು. ಓಕಿನಾವಾ ಕದನದಲ್ಲಿ ಹೀಗೆ ಸತ್ತ ಭೂಸೇನೆಯ ಪೈಲಟ್‌ಗಳು 1,036 ಎಂದು ಕಾಗೋಶಿಮಾದ ಚಿರಾನ್‌ನಲ್ಲಿರುವ ವಸ್ತುಸಂಗ್ರಹಾಲಯ ಲೆಕ್ಕ ಕೊಡುತ್ತದೆ. ಅವರಲ್ಲಿ 439 ಜನ ಚಿರಾನ್‌ನಿಂದಲೇ ಹಾರಿದವರು. ಯುದ್ಧ ಸೋತಾಗಿದೆ ಎಂದು ಮೇಲಿನವರಿಗೆ ಗೊತ್ತಿದ್ದ ಕಾಲ ಅದು. ಆ ಹುಡುಗರು ಸತ್ತದ್ದರಿಂದ ಶಾಂತಿ ಬರಲಿಲ್ಲ. ಹುಡುಗರನ್ನು ಹಾಗೆ ಕಳಿಸುವುದನ್ನು ನಿಲ್ಲಿಸಿ ಶರಣಾದಾಗ ಶಾಂತಿ ಬಂತು. 'ಅವರಿಂದಾಗಿ ನಾವು ಇಂದು ನೆಮ್ಮದಿಯಾಗಿದ್ದೇವೆ' ಎಂಬ ವಾಕ್ಯ ಲೆನಿನ್‌ಗ್ರಾಡಿನಲ್ಲಿ ನಿಲ್ಲುವ ಹಾಗೆ ಇಲ್ಲಿ ನಿಲ್ಲುವುದಿಲ್ಲ. ಆದರೆ ಸಿನಿಮಾದ ಹೂವು, ಗುಡ್ಡ, ಪತ್ರ, ಹಿನ್ನೆಲೆ ಸಂಗೀತ ಎರಡೂ ಕಡೆ ಒಂದೇ. ನೋಡಿ ಹೊರಗೆ ಬಂದ ಹುಡುಗಿಯ ಕಣ್ಣೀರಿಗೆ ಈ ವ್ಯತ್ಯಾಸ ತಿಳಿಯುವ ಬಗೆ ಹೇಗೆ?

ಆ ಜಪಾನಿ ಸಿನಿಮಾವನ್ನು ಸುಮ್ನೆ ಬಯ್ಯುವುದೂ ಸರಿಯಲ್ಲ. ಅದರೊಳಗೆ ಯೂರಿ ಪೊಲೀಸನ ಎದುರಲ್ಲೇ ಜಪಾನ್ ಸೋಲುತ್ತದೆ ಎಂದು ಹೇಳಿ ಪೆಟ್ಟು ತಿನ್ನುತ್ತಾಳೆ. ಪೈಲಟ್‌ಗಳಲ್ಲಿ ಒಬ್ಬ ತನ್ನನ್ನೇ ನಂಬಿರುವ ಹುಡುಗಿಗಾಗಿ ರಾತ್ರೋರಾತ್ರಿ ಓಡಿಹೋಗುತ್ತಾನೆ, ಜೊತೆಗಾರರು ಅವನನ್ನು ಹೋಗಲು ಬಿಡುತ್ತಾರೆ. ನನ್ನ ಮಟ್ಟಿಗೆ ಆ ಸಿನಿಮಾದ ಅತ್ಯಂತ ಪ್ರಾಮಾಣಿಕ ಜಾಗ ಅದು. ಓಡಿಹೋದವನನ್ನು ಹೇಡಿ ಎಂದು ಕರೆಯದ ಯುದ್ಧದ ಸಿನಿಮಾಗಳು ಎಷ್ಟಿವೆ ಹೇಳಿ? ಆದರೆ ಕೊನೆಯ ಅರ್ಧ ಗಂಟೆ ಅವನನ್ನು ಮರೆತು, ಹಾರಿಹೋದವನ ಹಿಂದೆಯೇ ಓಡುತ್ತದೆ. ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದೂ ಹಾರಿಹೋದವನೇ.

ನಿಜವಾದ ಪತ್ರಗಳು ಸಿನಿಮಾದ ಪತ್ರಕ್ಕಿಂತ ಹೆಚ್ಚು ಗಂಟುಗಂಟಾಗಿವೆ. ರ್‍ಯೋಜಿ ಉಎಹಾರಾ ಕೇಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1945ರ ಮೇ 11ರಂದು ಚಿರಾನ್‌ನಿಂದ ಹಾರಿ ಸತ್ತಾಗ ಅವನಿಗೆ 22 ವರ್ಷ. ಹಿಂದಿನ ರಾತ್ರಿ ಬರೆದಿಟ್ಟ ಬರಹದಲ್ಲಿ ಅವನು ತನ್ನನ್ನು ಸ್ವಾತಂತ್ರ್ಯವಾದಿ ಎಂದು ಕರೆದುಕೊಂಡಿದ್ದಾನೆ. ಸರ್ವಾಧಿಕಾರದ ದೇಶ ಒಂದು ಸಲ ಗೆದ್ದಂತೆ ಕಂಡರೂ ಕೊನೆಗೆ ಸೋಲುವುದು ಖಂಡಿತ ಎಂದಿದ್ದಾನೆ. ದಾಳಿಗೆ ಹೋಗುವ ಪೈಲಟ್ ಒಂದು ಯಂತ್ರದ ಬಿಡಿಭಾಗ ಇದ್ದ ಹಾಗೆ ಎಂಬ ಅರ್ಥದ ಮಾತೂ ಅಲ್ಲಿದೆ. ಹೀಗೆ ಬರೆದವನು ಬೆಳಿಗ್ಗೆ ಎದ್ದು ವಿಮಾನ ಹತ್ತಿದ. ಇದನ್ನು ತ್ಯಾಗ ಎನ್ನುತ್ತೀರಾ, ಬಲಿ ಎನ್ನುತ್ತೀರಾ? ಉತ್ತರ ನನಗೆ ಸುಲಭವಾಗಿ ಬರುವುದಿಲ್ಲ. ಇವನನ್ನು ನೋಡಿ ಧನ್ಯವಾದ ಹೇಳುವುದಂತೂ ಬಹಳ ವಿಚಿತ್ರ ಅನ್ನಿಸುತ್ತದೆ. ಕ್ಷಮೆ ಕೇಳಬೇಕು ಅನ್ನಿಸುತ್ತದೆ.

ಎರಡನೇ ಹುಳುಕು ಇನ್ನೂ ಆಳದಲ್ಲಿದೆ, ಕಾಲಪ್ರಯಾಣ ಎಂಬ ಉಪಾಯದ ಬುಡದಲ್ಲೇ. ಹಿಂದಕ್ಕೆ ಹೋದವನಿಗೆ ಕಥೆಯ ಕೊನೆ ಗೊತ್ತು. ಯಾರು ಗೆಲ್ಲುತ್ತಾರೆ, ಯಾವ ತಿಂಗಳು ಮುಗಿಯುತ್ತದೆ, ಎಲ್ಲ ಗೊತ್ತು. ರಷ್ಯನ್ ಹುಡುಗ 1942ರಲ್ಲಿ ನಿಂತು ಬರ್ಲಿನ್ ಬೀಳುವುದನ್ನು ಬಲ್ಲ. ಅವನ ಪಕ್ಕದಲ್ಲಿರುವ ಸೈನಿಕನಿಗೆ ಗೊತ್ತಿರುವುದು ಹಿಂದೆ ಸರಿಯುತ್ತಿರುವ ಸೈನ್ಯ, ಸುಟ್ಟ ಊರುಗಳು ಮಾತ್ರ. ಗೆಲ್ಲುತ್ತೇವೆ ಎಂಬ ಯಾವ ಖಾತ್ರಿಯೂ ಇಲ್ಲದೆ ಅವನು ನಿಂತಿದ್ದ. ಅವನ ಧೈರ್ಯ ಏನಾದರೂ ಇದ್ದರೆ ಇದೇ. ಇದೊಂದನ್ನು ಮಾತ್ರ ಕಾಲಪ್ರಯಾಣಿಕ ಅನುಭವಿಸಲಾರ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಇವನು ಬೆಟ್ಟದ ಮೇಲೇ ಇದ್ದಾನೆ, ಕಾಲಿಗೆ ಕಲ್ಲು ಚುಚ್ಚುತ್ತಿದೆ, ಆದರೂ ಜೇಬಿನಲ್ಲಿ ವಾಪಸ್ ಹೋಗುವ ಟಿಕೆಟ್ ಇದೆ.

ಅಮೆರಿಕನ್ನರು 1980ರಲ್ಲಿ ಇದೇ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಮುಟ್ಟಿದರು. 'ದಿ ಫೈನಲ್ ಕೌಂಟ್‌ಡೌನ್' ಸಿನಿಮಾದಲ್ಲಿ ಅಣುಶಕ್ತಿಯ ವಿಮಾನವಾಹಕ ಹಡಗು ನಿಮಿಟ್ಜ್ ವಿಚಿತ್ರ ಬಿರುಗಾಳಿಗೆ ಸಿಕ್ಕಿ 1941ರ ಡಿಸೆಂಬರ್ 6ಕ್ಕೆ ಹೋಗುತ್ತದೆ. ಮರುದಿನ ಪರ್ಲ್ ಹಾರ್ಬರ್. ಜಪಾನಿನ ದಾಳಿಯನ್ನು ಪೂರ್ತಿ ನಿಲ್ಲಿಸುವ ಶಕ್ತಿ ಹಡಗಿಗಿದೆ. ಇನ್ನೇನು ಹೊಡೆಯಬೇಕು ಅನ್ನುವಾಗ ಬಿರುಗಾಳಿ ಮತ್ತೆ ಬಂದು ಅದನ್ನು 1980ಕ್ಕೆ ಎಳೆದುಕೊಳ್ಳುತ್ತದೆ. ಯಾರನ್ನೂ ಉಳಿಸಲು ಆಗುವುದಿಲ್ಲ. ಇಂಥ ಸಿನಿಮಾಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಹೀಗೇ. ಸತ್ತವರು ಸಾಯಲೇಬೇಕು, ಇಲ್ಲದಿದ್ದರೆ ಇಂದಿನ ಪ್ರಪಂಚ ಬದಲಾಗಿಬಿಡುತ್ತದೆ. ಕಥೆಯ ತರ್ಕ ಒಪ್ಪೋಣ. ಆದರೆ ಅದರ ಪರಿಣಾಮ ನೋಡಿ. ನಡೆದದ್ದೆಲ್ಲ ನಡೆಯಲೇಬೇಕಿತ್ತು ಎಂಬ ಭಾವನೆ ನಮಗೇ ಗೊತ್ತಿಲ್ಲದೆ ಒಳಗೆ ಇಳಿಯುತ್ತದೆ. ಕಳಿಸಿದವರ ತಪ್ಪು, ಮೂರ್ಖ ಆದೇಶ, ತಪ್ಪಿಸಬಹುದಾಗಿದ್ದ ಸಾವು, ಇವೆಲ್ಲ ವಿಧಿಯ ಲೆಕ್ಕಕ್ಕೆ ಜಮೆಯಾಗಿಬಿಡುತ್ತವೆ. ಇತಿಹಾಸ ಓದುವವನು ಕೇಳುವ ಮೊದಲ ಪ್ರಶ್ನೆ 'ಹೀಗಾಗದೆ ಇರಬಹುದಿತ್ತಾ?' ಎಂಬುದು. ಸಿನಿಮಾ ಆ ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ.

ಹುಡುಗರ ಮನಸ್ಸಿನಲ್ಲಿ ಸಿನಿಮಾದ ಇತಿಹಾಸ ಎಷ್ಟು ಗಟ್ಟಿ ಎಂದು ಅನುಮಾನ ಇದ್ದರೆ ಅಮೆರಿಕದ ಒಂದು ಉದಾಹರಣೆ ಸಾಕು. ಸಂಶೋಧಕ ಸ್ಯಾಮ್ ವೈನ್‌ಬರ್ಗ್ ಮತ್ತು ಜೊತೆಗಾರರು ವಿಯೆಟ್ನಾಂ ಯುದ್ಧದ ಬಗ್ಗೆ ಹೈಸ್ಕೂಲ್ ಮಕ್ಕಳನ್ನೂ ಅವರ ಹೆತ್ತವರನ್ನೂ ಮಾತಾಡಿಸಿದರು. ಮಾತಿನಲ್ಲಿ ಪದೇ ಪದೇ ಬಂದದ್ದು ಪಠ್ಯಪುಸ್ತಕವಲ್ಲ, 'ಫಾರೆಸ್ಟ್ ಗಂಪ್' ಸಿನಿಮಾ. ಹೆತ್ತವರಿಗೂ ಮಕ್ಕಳಿಗೂ ಸಮಾನವಾಗಿ ಗೊತ್ತಿದ್ದ ವಿಯೆಟ್ನಾಂ ಅದೇ ಆಗಿತ್ತು. ಅಲಿಸನ್ ಲ್ಯಾಂಡ್ಸ್‌ಬರ್ಗ್ ಎಂಬ ವಿದ್ವಾಂಸೆ ಇಂಥ ನೆನಪನ್ನು ಕೃತಕ ಕಾಲಿಗೆ ಹೋಲಿಸುತ್ತಾರೆ. ನಮ್ಮ ದೇಹದಲ್ಲಿ ಹುಟ್ಟಿದ್ದಲ್ಲ, ಆದರೂ ಅದರ ಮೇಲೆ ನಿಂತು ನಡೆಯುತ್ತೇವೆ. ಅವರಿಗೆ ಇದರಲ್ಲಿ ಭರವಸೆ ಕಾಣುತ್ತದೆ: ನಮ್ಮದಲ್ಲದ ನೋವನ್ನೂ ನಮ್ಮದಾಗಿಸಿಕೊಳ್ಳಬಹುದು. ಹೋಲಿಕೆ ನನಗೂ ಇಷ್ಟ. ಆದರೆ ಕಾಲನ್ನು ಮಾಡಿಕೊಟ್ಟವನು ಯಾರು, ಅದು ಯಾವ ಕಡೆಗೆ ನಡೆಸುತ್ತದೆ ಎಂಬುದೂ ಮುಖ್ಯ.

ಕೃತಜ್ಞತೆಗೂ ವಿಳಾಸ ಇರುತ್ತದೆ. ರಷ್ಯನ್ ಸಿನಿಮಾಕ್ಕೆ 2010ರಲ್ಲಿ ಎರಡನೇ ಭಾಗ ಬಂತು. ಈ ಸಲ ರಷ್ಯನ್ ಹುಡುಗರ ಜೊತೆ ಉಕ್ರೇನಿನ ಯುವಕರನ್ನೂ 1944ಕ್ಕೆ ಕಳಿಸಿದರು. ಪಾಠ ಕಲಿಯಬೇಕಾದವರ ಪಟ್ಟಿಗೆ ನೆರೆಯವರೂ ಸೇರಿದರು. 2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ಯುದ್ಧ ಸಾರುವಾಗ ಪುಟಿನ್ 'ನಾಜಿಗಳಿಂದ ಬಿಡುಗಡೆ' ಎಂಬ ಮಾತನ್ನೇ ಬಳಸಿದರು. ಸಿನಿಮಾದಿಂದ ಯುದ್ಧ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ಅಷ್ಟು ಶಕ್ತಿ ಯಾವ ಸಿನಿಮಾಕ್ಕೂ ಇಲ್ಲ. ಆದರೆ 1942ರ ಹುಡುಗನಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಇಂದಿನ ಸರ್ಕಾರ ತನ್ನ ಖಾತೆಗೆ ಹಾಕಿಕೊಳ್ಳುವುದು ಎಷ್ಟು ಸುಲಭ ಎಂಬುದು ಕಾಣುತ್ತದೆ. ಸತ್ತವರು ಬಂದು 'ನಾವು ಸತ್ತದ್ದು ಇದಕ್ಕಲ್ಲ' ಎಂದು ಹೇಳುವಂತಿಲ್ಲ.

2012ರಲ್ಲಿ ತೋಮ್ಸ್ಕ್ ನಗರದ ಪತ್ರಕರ್ತರು ಒಂದು ಮೆರವಣಿಗೆ ಶುರುಮಾಡಿದ್ದರು. ಜನ ತಮ್ಮ ಮನೆಯ ಸೈನಿಕನ ಫೋಟೋ ಹಿಡಿದು ನಡೆಯುವುದು, ಅಷ್ಟೇ. ಬಾವುಟ ಇಲ್ಲ, ಪಕ್ಷ ಇಲ್ಲ. 'ಅಮರ ದಳ' ಎಂದು ಅದರ ಹೆಸರು. ಕೆಲವೇ ವರ್ಷಗಳಲ್ಲಿ ಅದು ಸರ್ಕಾರದ ದೊಡ್ಡ ಉತ್ಸವವಾಯಿತು. ಅಜ್ಜನ ಫೋಟೋ ಅದೇ ಇತ್ತು. ಅದನ್ನು ಹಿಡಿದು ನಡೆಯುವ ಅರ್ಥ ಬೇರೆಯಾಗಿತ್ತು.

ಜಪಾನಿನ ಟೇಬಲ್ ಟೆನಿಸ್ ಆಟಗಾರ್ತಿ ಹಿನಾ ಹಯಾತಾ 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮುಗಿಸಿ ಬಂದಾಗ, ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಪತ್ರಕರ್ತರು ಕೇಳಿದರು. ಚಿರಾನ್‌ನ ಸಂಗ್ರಹಾಲಯಕ್ಕೆ ಹೋಗಬೇಕು, ತಾನು ಬದುಕಿರುವುದು, ಆಡುತ್ತಿರುವುದು ಸುಮ್ಮನೆ ಸಿಕ್ಕಿದ್ದಲ್ಲ ಎಂದು ಅಲ್ಲಿ ಅರಿಯಬೇಕು ಎಂಬ ಅರ್ಥದಲ್ಲಿ ಅವಳು ಹೇಳಿದಳು. ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಚೀನಾದ ಜಾಲತಾಣಗಳಲ್ಲಿ ದೊಡ್ಡ ಗಲಾಟೆಯಾಯಿತು. ಯಾವ ಸೈನ್ಯದಿಂದ ಅವರ ಊರುಗಳು ಉರಿದವೋ ಆ ಸೈನ್ಯದ ಪೈಲಟ್‌ಗಳಿಗೆ ಕೃತಜ್ಞತೆಯಾ ಎಂದು ಅವರ ಸಿಟ್ಟು. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ. ಹುಡುಗಿ ನೋಡಲು ಹೊರಟಿದ್ದು ತನ್ನ ವಯಸ್ಸಿನವರ ಪತ್ರಗಳನ್ನು. ಚೀನಾದವರು ನೋಡಿದ್ದು ವಿಮಾನದ ಮೇಲಿನ ಗುರುತನ್ನು. ಕಾಲ ದಾಟುವ ಸಿನಿಮಾಗಳು ಸಾಮಾನ್ಯವಾಗಿ ನಮ್ಮ ಕಡೆಯ ಕಂದಕದಲ್ಲೇ ಇಳಿಯುತ್ತವೆ. ಎದುರಿನ ಕಂದಕದಲ್ಲಿ ಬಿದ್ದು ಎದ್ದ ಹುಡುಗನ ಕಥೆ ಇನ್ನೂ ಬರಬೇಕಿದೆ.

ಚೀನಾದಲ್ಲೂ ಕಾಲಪ್ರಯಾಣದ ಹುಚ್ಚು ಕಡಿಮೆ ಇಲ್ಲ. 2011ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಇಲಾಖೆಯೇ ಇಂಥ ಟಿವಿ ಕಥೆಗಳು ಇತಿಹಾಸವನ್ನು ಹಗುರವಾಗಿ ನೋಡುತ್ತವೆ ಎಂದು ಬೇಸರ ತೋರಿಸಿತ್ತು. ಜನ ಬಿಡಲಿಲ್ಲ.

ಇನ್ನೊಂದು ಬಗೆಯ ಕಥೆಯೂ ಇದೆ. ಅಲ್ಲಿ ಕೃತಜ್ಞತೆಯ ಮಾತೇ ಬರುವುದಿಲ್ಲ. ಜೇನ್ ಯೋಲನ್ 1988ರಲ್ಲಿ ಬರೆದ 'ದಿ ಡೆವಿಲ್ಸ್ ಅರಿತ್‌ಮೆಟಿಕ್' ಮಕ್ಕಳ ಕಾದಂಬರಿ, 1999ರಲ್ಲಿ ಸಿನಿಮಾ ಆಯಿತು. ಯಹೂದಿ ಹುಡುಗಿ ಹಾನಾಳಿಗೆ ಮನೆಯ ಹಬ್ಬದಲ್ಲಿ ಹಿರಿಯರು ಹೇಳುವ ಹಳೆಯ ಕಥೆ ಕೇಳಿ ಕೇಳಿ ಬೇಸರ. ಸಂಪ್ರದಾಯದಂತೆ ಬಾಗಿಲು ತೆರೆಯಲು ಎದ್ದವಳು ಹಿಟ್ಲರನ ಕಾಲದ ಪೋಲೆಂಡಿಗೆ ಹೋಗಿ ಬೀಳುತ್ತಾಳೆ, ಅಲ್ಲಿಂದ ಸಾವಿನ ಶಿಬಿರಕ್ಕೆ. ಚೌಕಟ್ಟು ಅದೇ, ಬೇಸರಗೊಂಡ ಹುಡುಗಿಯೂ ಅವಳೇ. ಆದರೆ ಶಿಬಿರದಲ್ಲಿ ಸತ್ತವರು ಯಾರಿಗಾಗಿಯೂ ಸಾಯಲಿಲ್ಲ. ಅವರನ್ನು ಕೊಂದರು. ಹಾಗಾಗಿ ಧನ್ಯವಾದ ಹೇಳುವ ದಾರಿಯೇ ಹಾನಾಳಿಗಿಲ್ಲ. ಅವಳು ಹೊತ್ತು ತರುವುದು ನೆನಪನ್ನು ಮಾತ್ರ. ಅಜ್ಜನ ಸೋದರಿಯ ತೋಳ ಮೇಲೆ ಶಿಬಿರದಲ್ಲಿ ಹಚ್ಚೆ ಹಾಕಿದ ಅಂಕಿಯನ್ನು ಈಗ ಅವಳು ಓದಬಲ್ಲಳು. ಯುದ್ಧದ ಸಿನಿಮಾ ಮಾಡುವವರು ಇದರಿಂದ ಕದಿಯಬೇಕಾದ್ದು ಈ ಗುಣ. 'ನಮಗಾಗಿ' ಎಂಬ ಪದವನ್ನು ತೆಗೆದುಹಾಕಿದರೂ ಸತ್ತವರ ಬಗ್ಗೆ ನಮಗೆ ಕಾಳಜಿ ಉಳಿಯುತ್ತದಾ?

ಇಷ್ಟಾದರೂ ಅನುಭವಿಸಿ ಕಲಿಯುವುದಕ್ಕೆ ಒಂದು ಮಿತಿ ಇದೆ. ನಾಜಿಗಳು ನಡೆಸಿದ ಯಹೂದಿ ನರಮೇಧದ ನೆನಪಿಗಿರುವ ವಾಷಿಂಗ್ಟನ್‌ನ ಹಾಲೋಕಾಸ್ಟ್ ಸಂಗ್ರಹಾಲಯ ಶಿಕ್ಷಕರಿಗೆ ಕೊಡುವ ಸಲಹೆಯಲ್ಲಿ, ತರಗತಿಯಲ್ಲಿ ಶಿಬಿರದ ಅನುಭವವನ್ನು ನಟಿಸಿ ತೋರಿಸುವ ಆಟಗಳನ್ನು ಆಡಿಸಬೇಡಿ ಎನ್ನುತ್ತದೆ. ಆಟ ಮುಗಿದ ಮೇಲೆ ಮಕ್ಕಳಿಗೆ ತಮಗೆಲ್ಲ ತಿಳಿಯಿತು ಅನ್ನಿಸಿಬಿಡುತ್ತದೆ. ತಿಳಿದಿರುವುದಿಲ್ಲ.

ಈ ಎಚ್ಚರಿಕೆ ಫೋನಿನ ಕಾಲಕ್ಕೆ ಜಾಸ್ತಿ ಅನ್ವಯಿಸುತ್ತದೆ. ಆಶ್ವಿಟ್ಜ್ ಎಂಬ ನಾಜಿ ಸಾವಿನ ಶಿಬಿರದಲ್ಲಿ ಸತ್ತ 13 ವರ್ಷದ ಎವಾ ಹೇಮನ್‌ಳ ದಿನಚರಿಯನ್ನು, ಅವಳ ಕೈಯಲ್ಲಿ ಫೋನು ಇದ್ದಿದ್ದರೆ ಹೇಗಿರುತ್ತಿತ್ತು ಎಂಬಂತೆ 2019ರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ತೋರಿಸಿದರು. 2021ರಲ್ಲಿ ಜರ್ಮನಿಯ ಎರಡು ಸಾರ್ವಜನಿಕ ವಾಹಿನಿಗಳು ಸೋಫಿ ಶೋಲ್ ಹೆಸರಿನಲ್ಲಿ ಖಾತೆ ತೆರೆದು, ಹಿಟ್ಲರನ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರಲ್ಲಿ ತಲೆ ಕಳೆದುಕೊಂಡ ಆ ವಿದ್ಯಾರ್ಥಿನಿಯ ಕೊನೆಯ ಹತ್ತು ತಿಂಗಳನ್ನು ದಿನದಿನವೂ ನಡೆಸಿದವು. ನೋಡುಗರು ಅವಳಿಗೆ ಕಮೆಂಟ್ ಬರೆದರು. ಖಾತೆಯಿಂದ ಸೋಫಿಯ ದನಿಯಲ್ಲಿ ಉತ್ತರವೂ ಬಂತು. ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂಬುದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಇತಿಹಾಸಕಾರರು ಸಿಟ್ಟಾದರು. ಸತ್ತವಳು ನಮ್ಮ ಜೊತೆ ಚಾಟ್ ಮಾಡಿದರೆ ಅವಳು ಸತ್ತಿದ್ದಾಳೆ ಎಂಬುದೇ ಮರೆತುಹೋಗುತ್ತದೆ. ಈಗಂತೂ ಎಐ ಬಳಸಿ, ಕಂದಕದಲ್ಲಿ ನಿಂತವನೇ ಸೆಲ್ಫಿ ವಿಡಿಯೋ ಮಾಡಿದಂತೆ ತುಣುಕುಗಳು ಬರುತ್ತಿವೆ. ಅರ್ಧ ನಿಮಿಷಕ್ಕೆ ಒಂದು ಯುದ್ಧ. ಮುಂದಿನದಕ್ಕೆ ಬೆರಳು ಸರಿಸಿದರಾಯಿತು.

ಇದಕ್ಕೆ ತೀರಾ ವಿರುದ್ಧವಾದ ಪ್ರಯೋಗವೊಂದು 2016ರ ಜುಲೈ 1ರಂದು ಬ್ರಿಟನ್ನಿನಲ್ಲಿ ನಡೆಯಿತು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ ಸೊಮ್ ಕದನ ಶುರುವಾಗಿ ಅಂದಿಗೆ ನೂರು ವರ್ಷ. ಆ ಮೊದಲ ಒಂದೇ ದಿನ ಬ್ರಿಟನ್ನಿನ ಕಡೆ ಸತ್ತವರು 19,240. ಕಲಾವಿದ ಜೆರೆಮಿ ಡೆಲ್ಲರ್ ಯಾರಿಗೂ ಮುಂಚೆ ತಿಳಿಸದೆ ಒಂದು ಕೆಲಸ ಮಾಡಿದರು. ಬೆಳಿಗ್ಗೆ ಜನ ರೈಲು ನಿಲ್ದಾಣಕ್ಕೆ ಬಂದರೆ, ಮೊದಲನೇ ಮಹಾಯುದ್ಧದ ಸಮವಸ್ತ್ರದ ಹುಡುಗರು ಅಲ್ಲಲ್ಲಿ ಸುಮ್ಮನೆ ನಿಂತಿದ್ದಾರೆ, ಕೂತಿದ್ದಾರೆ. ದೇಶದಾದ್ಯಂತ ಸುಮಾರು 1,400 ಜನ. ಎಲ್ಲರೂ ಸ್ವಯಂಸೇವಕರು. ಅವರು ಮಾತಾಡಲಿಲ್ಲ. ಯಾರಾದರೂ ಹತ್ತಿರ ಹೋಗಿ ಯಾರಪ್ಪಾ ನೀನು ಎಂದರೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಅಂದು ಸತ್ತ ಒಬ್ಬ ಸೈನಿಕನ ಹೆಸರು, ದಳ, ಗೊತ್ತಿದ್ದರೆ ವಯಸ್ಸು. ಇಲ್ಲೂ ಕಾಲ ದಾಟಿದವರಿದ್ದಾರೆ. ಆದರೆ ನಾವು ಅಲ್ಲಿಗೆ ಹೋಗಲಿಲ್ಲ, ಅವರೇ ಇಲ್ಲಿಗೆ ಬಂದರು. ಆಫೀಸಿಗೆ ತಡವಾಗುತ್ತಿರುವ ಮನುಷ್ಯನ ಎದುರು ನಿಂತರು. ಅಳು ಎಂದು ಹೇಳಲಿಲ್ಲ, ನಾಚಿಕೆಪಡು ಎಂದೂ ಹೇಳಲಿಲ್ಲ. ಯಾಕೆ ಸತ್ತೆವು ಎಂಬ ವಿವರಣೆಯೂ ಚೀಟಿಯಲ್ಲಿ ಇರಲಿಲ್ಲ.

ಆ ಮೊದಲ ಸಿನಿಮಾಗೆ ವಾಪಸ್ ಬರುತ್ತೇನೆ. ಗೋರಿ ದೋಚುವ ಹುಡುಗರನ್ನು ರಷ್ಯದಲ್ಲಿ 'ಕಪ್ಪು ಅಗೆಯುವವರು' ಎನ್ನುತ್ತಾರೆ. ಅದೇ ಕಾಡುಗಳಲ್ಲಿ ಇನ್ನೊಂದು ಬಗೆಯವರೂ ಅಗೆಯುತ್ತಾರೆ. ಸಿನಿಮಾ ಅವರನ್ನು ಹಿಂದಕ್ಕೆ ಕಳಿಸಲಿಲ್ಲ, ಕಳಿಸುವ ಅಗತ್ಯವೂ ಇರಲಿಲ್ಲ. ಅವರು 'ಪೊಯಿಸ್ಕೊವಿಕಿ', ಹುಡುಕುವವರು. ಬಹಳಷ್ಟು ಜನ ವಿದ್ಯಾರ್ಥಿಗಳು, ರಜೆ ಹಾಕಿ ಬರುವ ನೌಕರರು. ಹಿಮ ಕರಗಿದ ಮೇಲೆ ಡೇರೆ ಹಾಕಿಕೊಂಡು, ಕೆಸರಿನಲ್ಲಿ ಮೊಣಕಾಲೂರಿ ಸೈನಿಕರ ಮೂಳೆ ಹುಡುಕುತ್ತಾರೆ. ಸಿಕ್ಕವರನ್ನು ಗೌರವದಿಂದ ಹೂಳುತ್ತಾರೆ.

ಅವರು ಮೂಳೆಗಿಂತ ಹೆಚ್ಚು ಆಸೆಯಿಂದ ಹುಡುಕುವ ಒಂದು ವಸ್ತುವಿದೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ, ಬೆರಳಿನಷ್ಟು ಉದ್ದದ ಕಪ್ಪು ಡಬ್ಬಿ. ಯುದ್ಧದ ಮೊದಲ ವರ್ಷಗಳಲ್ಲಿ ಸೋವಿಯತ್ ದೇಶದ ಕೆಂಪು ಸೇನೆಯ ಸೈನಿಕರಿಗೆ ಅದನ್ನು ಕೊಡುತ್ತಿದ್ದರು. ಒಳಗೆ ಸುರುಳಿ ಸುತ್ತಿದ ಚೀಟಿ. ಅದರಲ್ಲಿ ಸೈನಿಕ ತನ್ನ ಹೆಸರು, ಊರು, ಮನೆಯವರ ವಿಳಾಸ ಬರೆದಿಟ್ಟುಕೊಳ್ಳಬೇಕು, ಸತ್ತರೆ ಗುರುತು ಸಿಗಲಿ ಎಂದು. 1942ರ ನವೆಂಬರ್‌ನಲ್ಲಿ ಆ ಪದ್ಧತಿ ನಿಂತಿತು. ಡಬ್ಬಿ ಸಿಕ್ಕರೆ ಯಾರೂ ಅಲ್ಲೇ ಆತುರದಿಂದ ಬಿಚ್ಚುವುದಿಲ್ಲ. ಎಂಬತ್ತು ವರ್ಷ ತೇವ ಕುಡಿದ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಬಲ್ಲವರು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ಸುತ್ತ ನಿಂತವರು ಉಸಿರು ಬಿಗಿಹಿಡಿದಿರುತ್ತಾರೆ.

ಕೆಲವು ಸಲ ಪೆನ್ಸಿಲಿನ ಅಕ್ಷರ ಕಾಣುತ್ತದೆ. ಎಷ್ಟೋ ಸಲ ಚೀಟಿ ಪೂರ್ತಿ ಖಾಲಿ. ಅಳಿಸಿಹೋಗಿ ಖಾಲಿಯಾದದ್ದಲ್ಲ, ಬರೆದೇ ಇಲ್ಲ. ಹೆಸರು ಬರೆದರೆ ಸಾವು ಖಚಿತ ಎಂದು ಸೈನಿಕರಲ್ಲಿ ಒಂದು ನಂಬಿಕೆ ಇತ್ತು.